ಲಾರಿಗೆ ಸಾಮಾನು ಹೇರುವ ಮೊದಲು

ಮಗಾ,

ನೀನು ಟೆಕ್ಸಸ್ ಬಿಟ್ಟು ನಮ್ಮ ನ್ಯೂಜೆರ್ಸಿಗೆ ಬರುತ್ತೀಯ ಎಂದು ಗೊತ್ತಾದ ದಿನದಿಂದ ನಿನ್ನ ದೊಡ್ಡಮ್ಮನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಮೇಲಿನ ಕೋಣೆ ಗುಡಿಸಿ ಒರೆಸಿ, ಮಗು ಮಧ್ಯಾಹ್ನ ಮಲಗಬೇಕಲ್ಲ ಎಂದು ಕಿಟಕಿಗೆ ದಪ್ಪ ಪರದೆಯನ್ನೂ ಹಾಕಿಸಿದ್ದಾಳೆ. ನನಗೂ ಅಷ್ಟೇ ಸಂತೋಷ. ಮೂವತ್ತು ವರ್ಷದಿಂದ ಇಲ್ಲಿ ನಮ್ಮ ಮನೆಯವರು ಎನ್ನುವವರು ಯಾರೂ ಹತ್ತಿರದಲ್ಲಿರಲಿಲ್ಲ.

ಲಾರಿಯವರಿಗೆ ಕೊಡಲೆಂದು ನೀನು ಮಾಡಿದ ಸಾಮಾನಿನ ಪಟ್ಟಿಯನ್ನು ನನಗೂ ಕಳಿಸಿದ್ದೆಯಲ್ಲ, ಅದನ್ನು ಕಾಫಿ ಕುಡಿಯುತ್ತಾ ಓದಿದೆ. ಮಂಚ, ಫ್ರಿಜ್ಜು, ತೊಟ್ಟಿಲು, ಗ್ರೈಂಡರು. ಹತ್ತೊಂಬತ್ತನೆಯ ಸಾಲಿನಲ್ಲಿ ‘ಗನ್ ಸೇಫ್, 1’ ಎಂದಿತ್ತು. ಕಣ್ಣು ಅಲ್ಲೇ ನಿಂತಿತು. ಫೋನ್ ಮಾಡಿ ಕೇಳಿದಾಗ ನೀನು ಮುಚ್ಚುಮರೆಯಿಲ್ಲದೆ ಹೇಳಿದೆ: ಒಂದು 9 ಎಂಎಂ ಪಿಸ್ತೂಲು, ಹದಿನೇಳು ಗುಂಡು ಹಿಡಿಯುವ ಎರಡು ಮ್ಯಾಗಜಿನ್ನು, ಎಆರ್-15 ಮಾದರಿಯ ಒಂದು ರೈಫಲ್ಲು, ನಾಲ್ಕಾರು ಡಬ್ಬಿ ಗುಂಡು. “ಎಲ್ಲಾ ಲೀಗಲ್ಲು ದೊಡ್ಡಪ್ಪ. ಗ್ರೀನ್ ಕಾರ್ಡ್ ಬಂದ್ಮೇಲೇ ತಗೊಂಡಿದ್ದು. ಬಿಲ್ ಇದೆ, ಬ್ಯಾಕ್‌ಗ್ರೌಂಡ್ ಚೆಕ್ ಆಗಿದೆ” ಎಂದೆ. ನೀನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಆದರೆ ಅದು ಟೆಕ್ಸಸ್‌ನ ಮಾತು. ಫೋನಿನಲ್ಲಿ ಪೂರ್ತಿ ಹೇಳಲಾಗಲಿಲ್ಲ, ಅದಕ್ಕೇ ಈ ಕಾಗದ. ಲಾರಿ ಗೊತ್ತುಮಾಡುವ ಮೊದಲು ಕೂತು ಓದು.

ನಿನ್ನ ಅಜ್ಜನ ಕೋವಿ ನಿನಗೆ ನೆನಪಿರಬೇಕು. ಸಕಲೇಶಪುರದ ಮನೆಯ ನಡುಮನೆಯಲ್ಲಿ ಗೂಟಕ್ಕೆ ತೂಗುಹಾಕಿರುತ್ತಿದ್ದ ಒಂಟಿ ನಳಿಗೆಯ ತೋಟಾ ಕೋವಿ. ಅದಕ್ಕೆ ಇದ್ದದ್ದು ಬೆಳೆ ರಕ್ಷಣೆಯ ಲೈಸೆನ್ಸು. ಹಂದಿ ಬಂದು ಗದ್ದೆ ಬಗೆಯುವ ರಾತ್ರಿ ಒಂದು ಈಡು ಹೊಡೆದರೆ ಊರಿಗೆಲ್ಲ ಕೇಳಿಸುತ್ತಿತ್ತು. ಚುನಾವಣೆ ಬಂತೆಂದರೆ ಊರಿನ ಕೋವಿಗಳೆಲ್ಲ ಠಾಣೆಗೆ ಹೋಗಬೇಕು. ಅಪ್ಪ ಅದನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದರು. ನಾನು ಚಿಕ್ಕವನಿದ್ದಾಗ ಎರಡು ಸಲ ಜೊತೆಗೆ ಹೋಗಿದ್ದೇನೆ. ಠಾಣೆಯ ರೈಟರು ಲೈಸೆನ್ಸ್ ಪುಸ್ತಕದ ನಂಬರನ್ನು ಕೋವಿಯ ಮೇಲಿನ ನಂಬರಿನ ಜೊತೆ ತಾಳೆ ನೋಡಿ, ರಟ್ಟಿನ ಚೂರಿನ ಮೇಲೆ ಹೆಸರು ಬರೆದು, ಸುತಳಿಯಿಂದ ಕೋವಿಗೆ ಕಟ್ಟುತ್ತಿದ್ದರು. ರಸೀದಿ ಕೈಗೆ ಬರುವವರೆಗೆ ಅಪ್ಪ ಆ ಬೆಂಚಿನಿಂದ ಏಳುತ್ತಿರಲಿಲ್ಲ. ಊಟದ ಹೊತ್ತಾಗಿ ನಾನು ಅಳುಮುಖ ಮಾಡಿದರೂ ಅಷ್ಟೇ. ಮನೆಗೆ ಬಂದ ಮೇಲೆ ಆ ರಸೀದಿ ಪಹಣಿ, ಕಂದಾಯದ ಕಾಗದಗಳಿದ್ದ ಟ್ರಂಕಿಗೆ ಸೇರುತ್ತಿತ್ತು.

ಒಂದು ಸಲ ಮೂಡಿಗೆರೆ ಕಡೆಯ ನಮ್ಮ ಸೋದರಮಾವ, “ಭಾವ, ನಮ್ ಕಡೆ ಹಂದಿ ಕಾಟ ಜಾಸ್ತಿ ಆಗಿದೆ, ಕೋವಿ ತಗೊಂಡು ಎರಡು ದಿನ ಬಂದುಬಿಡಿ” ಎಂದು ಹೇಳಿಕಳಿಸಿದ್ದರು. ಅಪ್ಪ ಬರಿಗೈಯಲ್ಲಿ ಹೋದರು. ಮಾವ ಹಂಗಿಸಿದರೆ, “ಲೈಸೆನ್ಸ್ ಪುಸ್ತಕದಲ್ಲಿ ಬರೆದಿರೋದು ನನ್ನ ಜಮೀನು, ನಿಂದಲ್ಲ” ಎಂದರಂತೆ. ಬೆಳೆ ರಕ್ಷಣೆಯ ಕೋವಿಗೆ ಲೈಸೆನ್ಸಿನಲ್ಲೇ ಎಲ್ಲೆ ಕಟ್ಟಿರುತ್ತದೆ, ಆ ಎಲ್ಲೆ ದಾಟಿದರೆ ಲೈಸೆನ್ಸಿಗೆ ಬೆಲೆಯಿಲ್ಲ. ನಮ್ಮ ತಾಲ್ಲೂಕಿನ ಆಚೆಗೆ ಕೊಡಗು. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಕೋವಿ ಲೈಸೆನ್ಸಿನಿಂದಲೇ ವಿನಾಯಿತಿ ಇದೆ, ಈಗ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ಗಡಿಯ ಈಚೆ ಇದ್ದ ನಾವು ಮೂರು ವರ್ಷಕ್ಕೊಮ್ಮೆ ನವೀಕರಣಕ್ಕೆಂದು ಕಚೇರಿಯ ಮೆಟ್ಟಿಲು ಹತ್ತುತ್ತಿದ್ದೆವು. ಒಂದೇ ಶಸ್ತ್ರಾಸ್ತ್ರ ಕಾಯ್ದೆ ಇರುವ ನಮ್ಮ ದೇಶದಲ್ಲೇ ಹೀಗೆ. ಈ ದೇಶದಲ್ಲಿ ಐವತ್ತು ರಾಜ್ಯಗಳು, ಒಂದೊಂದಕ್ಕೂ ಅದರದ್ದೇ ಕೋವಿ ಕಾನೂನು. ಫೆಡರಲ್ ಕಾನೂನು ಅವೆಲ್ಲದರ ಮೇಲೆ ಇನ್ನೊಂದು ಪದರ.

ಅಂಥ ಮನೆಯಲ್ಲಿ ಬೆಳೆದ ನಾನು ಈ ದೇಶಕ್ಕೆ ಬಂದು ಮಾಡಿದ ತಪ್ಪನ್ನು ಈಗ ಹೇಳುತ್ತೇನೆ. ನಿನ್ನಪ್ಪನಿಗೂ ಇದು ಗೊತ್ತಿಲ್ಲ.

1991ರಲ್ಲಿ ನಾವು ಹ್ಯೂಸ್ಟನ್‌ನಲ್ಲಿದ್ದೆವು. ಅಪಾರ್ಟ್‌ಮೆಂಟಿಗೆ ಕಳ್ಳರು ನುಗ್ಗಿ ನಿನ್ನ ದೊಡ್ಡಮ್ಮನ ಬಳೆ, ಟೇಪ್ ರೆಕಾರ್ಡರು ಹೊತ್ತೊಯ್ದರು. ಜೊತೆಯಲ್ಲಿ ಕೆಲಸ ಮಾಡುವವನೊಬ್ಬ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋದ. ಗ್ರೀನ್ ಕಾರ್ಡ್ ಇತ್ತು, ಫಾರಂ ತುಂಬಿದೆ, ಅರ್ಧ ಗಂಟೆಯಲ್ಲಿ ರಿವಾಲ್ವರು ಕೈಗೆ ಬಂತು. ಅದೇ ವರ್ಷ ಇಲ್ಲಿ ಕೆಲಸ ಸಿಕ್ಕಿ, ಕಾರಿನಲ್ಲಿ ಸಾಮಾನು ತುಂಬಿ, ನಾಲ್ಕು ವರ್ಷದ ನಿನ್ನ ಅಕ್ಕನನ್ನು ಹಿಂದೆ ಕೂರಿಸಿಕೊಂಡು ಹೊರಟೆವು. ದಾರಿಯಲ್ಲಿ ರಾತ್ರಿ ಹೊತ್ತು ಎಲ್ಲೆಲ್ಲೋ ತಂಗಬೇಕಲ್ಲ ಎಂದು ರಿವಾಲ್ವರನ್ನು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ. ಗುಂಡು ತುಂಬಿಯೇ ಇತ್ತು.

ಡೆಲವೇರ್ ಸೇತುವೆ ದಾಟಿ ಟರ್ನ್‌ಪೈಕ್ ಹಿಡಿದು ಇನ್ನೂ ಅರ್ಧ ಗಂಟೆ ಆಗಿರಲಿಲ್ಲ, ಹಿಂದೆ ಕೆಂಪು ನೀಲಿ ದೀಪ. ವೇಗ ಹೆಚ್ಚಾಗಿತ್ತು. ಪೊಲೀಸಿನವನು ಕಿಟಕಿಗೆ ಬಗ್ಗಿ ಲೈಸೆನ್ಸು, ಗಾಡಿಯ ಕಾಗದ ಕೇಳಿದ. ಗಾಡಿಯ ಕಾಗದ ಯಾವಾಗಲೂ ಇರುತ್ತಿದ್ದದ್ದು ಅದೇ ಡಬ್ಬಿಯಲ್ಲಿ. ನನ್ನ ಕೈ ಅತ್ತ ಹೋಯಿತು. ಆಗ ನಿನ್ನ ದೊಡ್ಡಮ್ಮ ನನ್ನ ಮಣಿಕಟ್ಟನ್ನು ಹಿಡಿದು, ತನ್ನ ವ್ಯಾನಿಟಿ ಬ್ಯಾಗಿನಿಂದ ಕಾಗದ ತೆಗೆದುಕೊಟ್ಟಳು. ಹಿಂದಿನ ರಾತ್ರಿ ಪೆಟ್ರೋಲ್ ಹಾಕಿಸುವಾಗ ಯಾಕೋ ಅದನ್ನು ತೆಗೆದು ತನ್ನ ಹತ್ತಿರ ಇಟ್ಟುಕೊಂಡಿದ್ದಳಂತೆ. ಅವಳ ಬೆರಳು ಐಸಿನ ಹಾಗೆ ತಣ್ಣಗಿದ್ದದ್ದು ಇವತ್ತಿಗೂ ನನ್ನ ಮಣಿಕಟ್ಟಿಗೆ ನೆನಪಿದೆ. ಪೊಲೀಸಿನವನು ದಂಡದ ಚೀಟಿ ಬರೆದುಕೊಟ್ಟು, ಮಗುವಿಗೆ ಕೈಬೀಸಿ ಹೋದ. ನಾವು ಹೊತ್ತು ಹೋದದ್ದೇ ತಿಳಿಯದೆ ರಸ್ತೆಯ ಅಂಚಿನಲ್ಲಿ ಕೂತಿದ್ದೆವು.

ಮಾರನೆಯ ದಿನ ಹೊಸ ಆಫೀಸಿಗೆ ಹೋಗುವ ಬದಲು ಒಬ್ಬ ವಕೀಲರನ್ನು ಹುಡುಕಿಕೊಂಡು ಹೋದೆ. ಅವರು ನನ್ನನ್ನು ಬೈಯಲಿಲ್ಲ. “ನೀವು ಅದನ್ನು ಮುಟ್ಟಬೇಡಿ, ಮೊದಲು ಕಾಗದ ಹೋಗಲಿ” ಎಂದರು. ನ್ಯೂಜೆರ್ಸಿಯಲ್ಲಿ ಆಯುಧವನ್ನು ತಾನಾಗಿ ಒಪ್ಪಿಸುವವನು ಮೊದಲು ಪೊಲೀಸರಿಗೆ ಲಿಖಿತವಾಗಿ ತಿಳಿಸಿ, ಆಮೇಲೆ ಒಪ್ಪಿಸಿದರೆ ಕಾನೂನು ಅವನಿಗೆ ರಕ್ಷಣೆ ಕೊಡುತ್ತದೆ. ಕಾಗದವಿಲ್ಲದೆ ಕೋವಿ ಹಿಡಿದು ಠಾಣೆಯ ಬಾಗಿಲಿಗೆ ಹೋದರೆ ಅದೇ ಅಪರಾಧವಾಗಬಹುದು. ವಕೀಲರ ಕಾಗದ ಹೋಯಿತು, ದಿನ ಗೊತ್ತಾಯಿತು, ಒಪ್ಪಿಸಿ ಬಂದೆ. ರಸೀದಿ ಕೈಗೆ ಬರುವವರೆಗೆ ನಾನೂ ಬೆಂಚಿನಿಂದ ಏಳಲಿಲ್ಲ.

ನನಗೆ ಗ್ರಹಬಲ ಚೆನ್ನಾಗಿತ್ತು. ಎಲ್ಲರಿಗೂ ಇರುವುದಿಲ್ಲ. ನಿನ್ನ ಹಾಗೆಯೇ ಮನೆ ಬದಲಿಸಲು ಕೊಲರಾಡೋದಿಂದ ನ್ಯೂಜೆರ್ಸಿಗೆ ಬಂದ ಒಬ್ಬ ಯುವಕನ ಕಥೆ ಕೇಳು. ಕೋವಿಗಳನ್ನು ಕೊಲರಾಡೋದಲ್ಲಿ ಕ್ರಮವಾಗಿ ಕೊಂಡಿದ್ದ. 2009ರಲ್ಲಿ ಅವನ ತಾಯಿ ಮಗನ ಮನಸ್ಥಿತಿಯ ಬಗ್ಗೆ ಗಾಬರಿಯಾಗಿ ಪೊಲೀಸರಿಗೆ ಫೋನ್ ಮಾಡಿದರು. ಪೊಲೀಸರು ಕಾರು ಶೋಧಿಸಿದಾಗ ಡಿಕ್ಕಿಯಲ್ಲಿ, ಗಂಟುಮೂಟೆಯ ನಡುವೆ, ಗುಂಡು ತುಂಬದ ಕೋವಿಗಳು ಸಿಕ್ಕವು. ಮನೆ ಬದಲಿಸುವವರಿಗೆ ಕಾನೂನಿನಲ್ಲಿ ವಿನಾಯಿತಿ ಇದೆ. ಆದರೆ ವಿಚಾರಣೆ ನಡೆಸಿದ ನ್ಯಾಯಾಧೀಶರು ಆ ವಿನಾಯಿತಿಯನ್ನು ಜ್ಯೂರಿಯ ಮುಂದಿಡಲಿಲ್ಲ. 2010ರಲ್ಲಿ ಏಳು ವರ್ಷ ಶಿಕ್ಷೆಯಾಯಿತು. ಸುದ್ದಿ ದೇಶವೆಲ್ಲ ಹಬ್ಬಿ, ಆ ವರ್ಷದ ಡಿಸೆಂಬರಿನಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಶಿಕ್ಷೆ ಕಡಿತ ಮಾಡಿದ್ದರಿಂದ ಹೊರಗೆ ಬಂದ. ಮೇಲ್ಮನವಿಯಲ್ಲಿ ಕೋವಿಯ ಅಪರಾಧ ಬಿದ್ದುಹೋಯಿತು, ಮೊನೆ ಟೊಳ್ಳಾದ ಗುಂಡುಗಳ ಅಪರಾಧ ಮಾತ್ರ ಉಳಿಯಿತು. ನೀವೆಲ್ಲ ಹಾಲೋ ಪಾಯಿಂಟ್ ಎನ್ನುತ್ತೀರಲ್ಲ, ಟೆಕ್ಸಸ್‌ನಲ್ಲಿ ದಿನಸಿ ಸಾಮಾನಿನ ಹಾಗೆ ಸಿಗುತ್ತದಲ್ಲ, ಅದೇ. ನಿನ್ನ ನಾಲ್ಕಾರು ಡಬ್ಬಿಯಲ್ಲಿ ಅದು ಎಷ್ಟಿದೆ ನೋಡು. ಇಲ್ಲಿ ಅದನ್ನು ಮನೆಯಲ್ಲಿಟ್ಟುಕೊಳ್ಳಲು ಅಡ್ಡಿಯಿಲ್ಲ, ಹೊರಗೆ ಜೊತೆಯಲ್ಲಿ ಒಯ್ದರೆ ಬೇರೆಯದೇ ಲೆಕ್ಕ.

ಇನ್ನೊಬ್ಬಳು ಫಿಲಡೆಲ್ಫಿಯಾದ ತಾಯಿ, ಇಬ್ಬರು ಮಕ್ಕಳನ್ನು ಒಬ್ಬಳೇ ಸಾಕುತ್ತಿದ್ದವಳು. ಪೆನ್ಸಿಲ್ವೇನಿಯಾದ ಪರ್ಮಿಟ್ ಇತ್ತು. 2013ರಲ್ಲಿ ನದಿ ದಾಟಿ ನ್ಯೂಜೆರ್ಸಿಗೆ ಬಂದಾಗ ಸಣ್ಣ ಸಂಚಾರ ತಪ್ಪಿಗೆ ಪೊಲೀಸರು ನಿಲ್ಲಿಸಿದರು. ತನ್ನ ಹತ್ತಿರ ಪಿಸ್ತೂಲಿದೆ, ಪರ್ಮಿಟ್ಟೂ ಇದೆ ಎಂದು ಅವಳೇ ಹೇಳಿದಳು. ಬೇರೆ ಯಾವ ರಾಜ್ಯದ ಪರ್ಮಿಟ್ಟನ್ನೂ ನ್ಯೂಜೆರ್ಸಿ ಒಪ್ಪುವುದಿಲ್ಲ ಎನ್ನುವುದು ಅವಳಿಗೆ ಗೊತ್ತಿರಲಿಲ್ಲ. ಕನಿಷ್ಠ ಮೂರೂವರೆ ವರ್ಷದ ಜೈಲಿನ ಕತ್ತಿ ತಲೆಯ ಮೇಲೆ ತೂಗಿತು. 2015ರಲ್ಲಿ ಗವರ್ನರ್ ಕ್ಷಮಾದಾನ ಕೊಟ್ಟ ಮೇಲೆ ಅವಳಿಗೆ ಬಿಡುಗಡೆಯ ಉಸಿರು. ಗವರ್ನರು ಕೈಹಿಡಿಯುತ್ತಾರೆ ಎಂದು ನಂಬಿಕೊಂಡು ಯಾರೂ ಮನೆ ಬದಲಿಸಬಾರದು ಮಗಾ.

ಈಗ ನಿನ್ನ ಸೇಫಿನ ಒಳಗಿನದನ್ನು ಒಂದೊಂದಾಗಿ ನೋಡೋಣ.

ಮೊದಲು ಆ ರೈಫಲ್ಲು. ಆ ಜಾತಿಯ ರೈಫಲ್ಲುಗಳನ್ನು ನ್ಯೂಜೆರ್ಸಿ 1990ರಲ್ಲೇ ನಿಷೇಧಿಸಿದೆ. ಬಿಡಿಭಾಗ ಬದಲಿಸಿ ಈ ರಾಜ್ಯಕ್ಕೆ ಹೊಂದುವಂತೆ ಮಾಡಿ ಮಾರುವವರಿದ್ದಾರೆ. ನಿನ್ನ ಕೈಯಲ್ಲಿರುವುದು ಹಾಗೆ ಮಾಡಿದ್ದಲ್ಲ. ಅದನ್ನು ಬಿಚ್ಚಿ ಜೋಡಿಸಿ ಸರಿಮಾಡುತ್ತೇನೆ ಎಂದು ವಿಡಿಯೋ ನೋಡಿಕೊಂಡು ಗ್ಯಾರೇಜಿನಲ್ಲಿ ಕೂರುವುದು ನನಗೆ ಒಪ್ಪಿಗೆಯಿಲ್ಲ. ಆ ಮ್ಯಾಗಜಿನ್ನುಗಳೂ ಬೇಡ. ಇಲ್ಲಿ ಹತ್ತು ಗುಂಡಿಗಿಂತ ಹೆಚ್ಚು ಹಿಡಿಯುವ ಮ್ಯಾಗಜಿನ್ ಇಟ್ಟುಕೊಳ್ಳುವುದೇ ಅಪರಾಧ. ಮೊದಲು ಹದಿನೈದಿತ್ತು, 2018ರಲ್ಲಿ ಹತ್ತಕ್ಕೆ ಇಳಿಸಿದರು. ಒಳಗೆ ಒಂದೂ ಗುಂಡಿಲ್ಲದ ಬರೀ ತಗಡಿನ ಡಬ್ಬಿಯಾಗಿದ್ದರೂ ಅಪರಾಧವೇ. ಬೀರುವಿನ ಮೂಲೆಯಲ್ಲೋ ಕಾರಿನ ಸೀಟಿನ ಕೆಳಗೋ ಮರೆತುಹೋಗುವ ವಸ್ತು ಅದು, ಅದಕ್ಕೇ ನನಗೆ ಕೋವಿಗಿಂತ ಅದರ ಭಯ ಹೆಚ್ಚು.

ಪಿಸ್ತೂಲನ್ನು ತರಬಹುದು, ಆದರೆ ಅದಕ್ಕೆ ಕ್ರಮವಿದೆ. ಹೊರರಾಜ್ಯದಿಂದ ಬಂದು ನೆಲೆಸುವವರು 60 ದಿನದೊಳಗೆ ಕೋವಿ ಗುರುತಿನ ಕಾರ್ಡು ಪಡೆದು, ತಂದ ಕೋವಿಗಳನ್ನು ನೋಂದಾಯಿಸಬೇಕು ಎಂದು 2022ರಲ್ಲಿ ಕಾನೂನು ಮಾಡಿದ್ದಾರೆ. ಬೆರಳಚ್ಚು ಕೊಡಬೇಕು, ನಿನ್ನನ್ನು ಬಲ್ಲವರಿಬ್ಬರ ಹೆಸರು ಕೊಡಬೇಕು, ತರಬೇತಿ ಆಗಿರಬೇಕು, ಅರ್ಜಿ ಹೋಗುವುದು ಊರಿನ ಪೊಲೀಸರ ಕೈಗೆ. ಇಲ್ಲಿ ಹೊಸದಾಗಿ ಪಿಸ್ತೂಲು ಕೊಳ್ಳುವುದಾದರೆ ಒಂದೊಂದಕ್ಕೂ ಬೇರೆ ಬೇರೆ ಪರ್ಮಿಟ್. ಇನ್ನು ಸೊಂಟದಲ್ಲಿಟ್ಟುಕೊಂಡು ಓಡಾಡುವ ಮಾತು. ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರಿನಿಂದ ಇಪ್ಪತ್ತೊಂದು ತುಂಬಿದವರಿಗೆ ಅದಕ್ಕೆ ಪರ್ಮಿಟ್ಟೇ ಬೇಡ ಎಂದು ಮಾಡಿದ್ದಾರಲ್ಲ, ಆ ಅಭ್ಯಾಸವನ್ನು ಅಲ್ಲೇ ಬಿಟ್ಟು ಬಾ. “60 ದಿನ ಟೈಮ್ ಇದೆಯಲ್ಲ ದೊಡ್ಡಪ್ಪ, ಬಂದು ನೋಡ್ಕೋತೀನಿ” ಎಂದೆಯಲ್ಲ, ನನ್ನ ನಿದ್ದೆ ಕೆಡಿಸಿದ್ದು ಆ ಮಾತು. ಆ 60 ದಿನ ಇರುವುದು ಇಲ್ಲಿ ಇಟ್ಟುಕೊಳ್ಳಬಹುದಾದ ಕೋವಿಯ ನೋಂದಣಿಗೆ. ನಿಷೇಧಿತ ವಸ್ತುವಿಗೆ ಒಂದು ದಿನದ ಗಡುವೂ ಇಲ್ಲ. ಪೆನ್ಸಿಲ್ವೇನಿಯಾದ ಗಡಿ ದಾಟಿದ ಕ್ಷಣವೇ ಅಪರಾಧ ಪೂರ್ತಿಯಾಗಿರುತ್ತದೆ.

ಹೀಗಿರುವುದು ನ್ಯೂಜೆರ್ಸಿ ಒಂದೇ ಅಲ್ಲ. ಕ್ಯಾಲಿಫೋರ್ನಿಯಾಕ್ಕೆ ಹೋದವರು 60 ದಿನದೊಳಗೆ ಅಲ್ಲಿನ ನ್ಯಾಯ ಇಲಾಖೆಗೆ ಕೋವಿಗಳ ವಿವರ ಕೊಡಬೇಕು. ಇಲಿನಾಯ್‌ನಲ್ಲಿ ಕೋವಿ ಇಟ್ಟುಕೊಳ್ಳಲೂ ಗುಂಡು ಇಟ್ಟುಕೊಳ್ಳಲೂ ಕಾರ್ಡು ಬೇಕು. ನ್ಯೂಯಾರ್ಕಿನಲ್ಲಿ ಪಿಸ್ತೂಲು ಮನೆಯೊಳಗೆ ಇರಬೇಕಾದರೂ ಲೈಸೆನ್ಸು ಬೇಕು. ಸ್ನೇಹಿತರು ಯಾರಾದರೂ ಹೊರಟಿದ್ದರೆ ಅವರಿಗೂ ಹೇಳು.

‘ಸುಪ್ರೀಂ ಕೋರ್ಟು ಇದನ್ನೆಲ್ಲ ತೆಗೆದುಹಾಕಿದೆ’ ಎನ್ನುವ ಸಂದೇಶ ನಿಮ್ಮ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. 2022ರ ಜೂನ್‌ನಲ್ಲಿ ನ್ಯೂಯಾರ್ಕಿನ ಪ್ರಕರಣದಲ್ಲಿ ಕೋರ್ಟು ಹೇಳಿದ್ದು ಬೇರೆ. ಹೊರಗೆ ಕೋವಿ ಒಯ್ಯಲು ‘ನನಗೆ ವಿಶೇಷ ಕಾರಣವಿದೆ’ ಎಂದು ಅರ್ಜಿದಾರ ಸಾಬೀತು ಮಾಡಬೇಕೆಂಬ ನಿಯಮ ನಿಲ್ಲುವುದಿಲ್ಲ ಎಂದಿತು. ಲೈಸೆನ್ಸೇ ಬೇಡ ಎನ್ನಲಿಲ್ಲ. ಅದಾದ ಮೇಲೆ ಈ ರಾಜ್ಯಗಳು ಹೊಸ ಕಾನೂನು ಮಾಡಿದವು, ಅವುಗಳ ಮೇಲೆ ಮತ್ತೆ ದಾವೆ ನಡೆಯುತ್ತಲೇ ಇದೆ. ಆದ್ದರಿಂದ ನಾನು ಬರೆದದ್ದನ್ನೂ ವೇದವಾಕ್ಯ ಎಂದುಕೊಳ್ಳಬೇಡ. ನ್ಯೂಜೆರ್ಸಿ ಸ್ಟೇಟ್ ಪೊಲೀಸರು ಪ್ರಕಟಿಸಿರುವುದನ್ನು ನೀನೇ ಓದು. ಓದಿ, ಇಲ್ಲಿನ ವಕೀಲರೊಬ್ಬರಿಗೆ ಒಂದು ಗಂಟೆಯ ಫೀಸು ಕೊಟ್ಟು ಮಾತಾಡು. ನಿನಗೆ ಕೋವಿ ಮಾರಿದ ಟೆಕ್ಸಸ್ ಅಂಗಡಿಯವನಿಗೆ ಟೆಕ್ಸಸ್ ಕಾನೂನು ಗೊತ್ತಿರುತ್ತದೆ, ನಮ್ಮದು ಗೊತ್ತಿರಬೇಕೆಂದಿಲ್ಲ.

ದಾರಿಯ ಮಾತಿಗೆ ಬರುತ್ತೇನೆ. ನೀನು ಬರುವುದು ಅರ್ಕನ್ಸಾ, ಟೆನೆಸ್ಸೀ, ವರ್ಜೀನಿಯಾ ಮೇಲೆ. ಇಂಟರ್‌ಸ್ಟೇಟ್ 81ರಲ್ಲಿ ಉತ್ತರಕ್ಕೆ ಬರುವಾಗ ವೆಸ್ಟ್ ವರ್ಜೀನಿಯಾದ ಒಂದು ತುಂಡು, ಆಮೇಲೆ ಹನ್ನೆರಡೇ ಮೈಲಿ ಮೇರಿಲ್ಯಾಂಡ್, ಕೂಡಲೇ ಪೆನ್ಸಿಲ್ವೇನಿಯಾ. ಆ ಹನ್ನೆರಡು ಮೈಲಿ ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ, ಮಗು ಒಂದು ಬಾಟಲಿ ಹಾಲು ಕುಡಿಯುವಷ್ಟು ಹೊತ್ತಿನಲ್ಲಿ ದಾಟಿರುತ್ತೀಯ. ಆದರೆ ಅಷ್ಟು ಹೊತ್ತು ನೀನು ಇನ್ನೊಂದು ಬಿಗಿ ಕಾನೂನಿನ ಕೆಳಗಿರುತ್ತೀಯ. ಹೀಗೆ ದಾಟಿಹೋಗುವವರಿಗಾಗಿ 1986ರ ಫೆಡರಲ್ ಕಾನೂನಿನಲ್ಲಿ ಒಂದು ರಕ್ಷಣೆ ಇದೆ. ಹೊರಟ ಜಾಗದಲ್ಲೂ ತಲುಪುವ ಜಾಗದಲ್ಲೂ ಆ ಕೋವಿ ನಿನ್ನ ಹತ್ತಿರ ಕ್ರಮಬದ್ಧವಾಗಿರಬೇಕು. ಗುಂಡು ತುಂಬಿರಬಾರದು. ಕೋವಿಯಾಗಲಿ ಗುಂಡಾಗಲಿ ಕೂತಲ್ಲಿಂದ ಕೈಗೆ ಸಿಗುವಂತಿರಬಾರದು. ನಿನ್ನ ಎಸ್‌ಯುವಿಗೆ ಬೇರೆ ಡಿಕ್ಕಿ ಇಲ್ಲ, ಹಾಗಾಗಿ ಬೀಗ ಹಾಕಿದ ಪೆಟ್ಟಿಗೆಯಲ್ಲೇ ಇರಬೇಕು. ಡ್ಯಾಶ್‌ಬೋರ್ಡಿನ ಡಬ್ಬಿ, ಸೀಟುಗಳ ನಡುವಿನ ಡಬ್ಬಿ ಇವಕ್ಕೆ ಬೀಗವಿದ್ದರೂ ಲೆಕ್ಕಕ್ಕಿಲ್ಲ ಎಂದು ಕಾನೂನೇ ಬಿಡಿಸಿ ಹೇಳಿದೆ. ನಾನು ಇಟ್ಟುಕೊಂಡಿದ್ದ ಜಾಗ ಅದೇ. ‘ತಲುಪುವ ಜಾಗದಲ್ಲೂ’ ಎನ್ನುವ ಮಾತನ್ನು ಇನ್ನೊಂದು ಸಲ ಓದು. ನಿನ್ನ ರೈಫಲ್ಲಿಗೆ ಈ ರಕ್ಷಣೆ ಯಾಕೆ ಸಿಗುವುದಿಲ್ಲ ಎನ್ನುವುದು ಅದರಲ್ಲೇ ಇದೆ.

ಸಿಕ್ಕವರಿಗೂ ಅದು ಎಷ್ಟು ತೆಳು ಕಂಬಳಿ ನೋಡು. 2005ರಲ್ಲಿ ಯೂಟಾದ ಒಬ್ಬರು ಪೆನ್ಸಿಲ್ವೇನಿಯಾಕ್ಕೆ ಹೋಗುವವರು, ನಮ್ಮ ನ್ಯೂಜೆರ್ಸಿಯ ನುವಾರ್ಕ್‌ನಲ್ಲಿ ವಿಮಾನ ಬದಲಿಸಬೇಕಿತ್ತು, ತಪ್ಪಿಹೋಯಿತು. ಕ್ರಮವಾಗಿ ತಿಳಿಸಿ ಕೋವಿಯಿಟ್ಟಿದ್ದ ಲಗೇಜನ್ನು ಕಂಪನಿಯವರು ಕೈಗೆ ಕೊಟ್ಟರು. ರಾತ್ರಿ ಹೋಟೆಲಿನಲ್ಲಿ ಉಳಿದರು. ಬೆಳಿಗ್ಗೆ ಕೌಂಟರಿನಲ್ಲಿ ಮತ್ತೆ ತಾವಾಗಿಯೇ ತಿಳಿಸಿದಾಗ ಬಂಧನ, ಹತ್ತು ದಿನ ಜೈಲು. ಕೇಸು ಕೈಬಿಟ್ಟರು, ಆದರೆ ಕೋವಿ ಮರಳಿ ಸಿಗಲು ಹತ್ತಿರಹತ್ತಿರ ಮೂರು ವರ್ಷ ಹಿಡಿಯಿತು. ಅವರು ಹೂಡಿದ ದಾವೆಯಲ್ಲಿ 2010ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು, ರಾತ್ರಿ ಲಗೇಜು ಕೈಗೆ ಸಿಗುವಂತಿದ್ದುದರಿಂದ ಆ ರಕ್ಷಣೆ ಅವರಿಗೆ ಅನ್ವಯಿಸುವುದಿಲ್ಲ ಎಂದಿತು. ಆದ್ದರಿಂದ ಪಿಸ್ತೂಲು ತರಲೇಬೇಕೆಂದರೆ ಪೆಟ್ಟಿಗೆ ಎಲ್ಲಿರಬೇಕು, ರಾತ್ರಿ ಎಲ್ಲಿ ತಂಗಬೇಕು ಎಂಬುದನ್ನು ವಕೀಲರ ಹತ್ತಿರ ಮೊದಲೇ ಕೇಳು. ಲಾರಿಯವರ ಸಾಮಾನಿನ ಜೊತೆ ಸೇರಿಸಿ ಕಳಿಸುವ ಯೋಚನೆ ಬೇಡ, ಅಂಚೆಯದ್ದೂ ಬೇಡ.

ಸೊಸೆ, ಮಗು ವಿಮಾನದಲ್ಲಿ ಬರುತ್ತಾರಲ್ಲ. ಮಗುವಿನ ಬಟ್ಟೆ ತುಂಬುವ ಚೀಲ ನೀನು ಗುಂಡು ಹೊಡೆಯುವ ಅಭ್ಯಾಸಕ್ಕೆಂದು ರೇಂಜಿಗೆ ಒಯ್ಯುತ್ತಿದ್ದ ಚೀಲವಾಗಿರಬಾರದು. 2023ರಲ್ಲಿ ಈ ದೇಶದ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ 6,700ಕ್ಕೂ ಹೆಚ್ಚು ಕೋವಿ ಸಿಕ್ಕಿವೆ, ಬಹುಪಾಲು ಗುಂಡು ತುಂಬಿದವು. ಸಿಕ್ಕಿಬಿದ್ದವರು ಸಾಮಾನ್ಯವಾಗಿ ಹೇಳುವುದು ‘ಮರೆತಿದ್ದೆ’ ಎಂದು. ಊರಿಗೆ ಹೋಗುವಾಗಲೂ ಇದನ್ನು ನೆನಪಿಡು. ಚೀಲದ ಹೊಲಿಗೆಯ ಸಂದಿಯಲ್ಲಿ ಉಳಿದ ಒಂದೇ ಒಂದು ತೋಟಾ ಸಾಕು, ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಶಸ್ತ್ರಾಸ್ತ್ರ ಕಾಯ್ದೆಯ ಕೇಸು ಬೀಳಲು.

ಇನ್ನು ನಮ್ಮವರ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತು. ನಿನ್ನದು ಗ್ರೀನ್ ಕಾರ್ಡು. ಸೊಸೆ ಇನ್ನೂ ಎಚ್-1ಬಿಯಲ್ಲೇ ಇದ್ದಾಳೆ. ಎಚ್-1ಬಿ, ಎಲ್-1, ಎಫ್-1, ಹೀಗೆ ತಾತ್ಕಾಲಿಕ ವೀಸಾದಲ್ಲಿರುವವರು ಕೋವಿಯನ್ನಾಗಲಿ ಗುಂಡನ್ನಾಗಲಿ ಹೊಂದಿರುವುದು ಫೆಡರಲ್ ಅಪರಾಧ. ಟೆಕ್ಸಸ್ ಆದರೂ ಅಷ್ಟೇ, ನ್ಯೂಜೆರ್ಸಿ ಆದರೂ ಅಷ್ಟೇ. 2022ರಿಂದ ಅದಕ್ಕೆ 15 ವರ್ಷದವರೆಗೆ ಶಿಕ್ಷೆ ವಿಧಿಸಬಹುದು. ರಾಜ್ಯದ ಬೇಟೆ ಲೈಸೆನ್ಸು ಪಡೆದವರಿಗೆ ಒಂದು ವಿನಾಯಿತಿ ಇದೆ, ಅದನ್ನು ನೆಚ್ಚುವ ಮೊದಲು ವಲಸೆ ವಕೀಲರನ್ನು ಕೇಳಬೇಕು. ಹೊಂದಿರುವುದು ಎಂದರೆ ಕೈಯಲ್ಲಿ ಹಿಡಿದಿರುವುದು ಮಾತ್ರವಲ್ಲ. ಸೇಫಿನ ನಂಬರು ಅವಳಿಗೆ ಗೊತ್ತಿದ್ದು, ಬೇಕೆಂದಾಗ ತೆಗೆಯಬಹುದಾಗಿದ್ದರೆ ಅದನ್ನೂ ಹೊಂದಿರುವುದೇ ಎಂದು ವಾದಿಸಲು ಸರ್ಕಾರಿ ವಕೀಲನಿಗೆ ಜಾಗವಿದೆ. ನೀನು ಊರಲ್ಲಿಲ್ಲದ ದಿನ ಆ ಸೇಫು ಇರುವ ಮನೆಯಲ್ಲಿ ಅವಳೊಬ್ಬಳೇ ಇರುತ್ತಾಳೆ. ಅವಳಿಗೆ ಇದು ಗೊತ್ತಿದೆಯೇ? ಗೊತ್ತಿಲ್ಲದಿದ್ದರೆ ಇವತ್ತೇ ಹೇಳು. ಓದಲು ಬಂದಿರುವ ನಿನ್ನ ಅತ್ತೆಯ ಮಗ ಡಲ್ಲಾಸ್‌ಗೆ ಬಂದಾಗ ನಿನ್ನ ಜೊತೆ ರೇಂಜಿಗೆ ಬಂದು, ರೈಫಲ್ ಹಿಡಿದ ಫೋಟೋ ಇನ್‌ಸ್ಟಾಗ್ರಾಂಗೆ ಹಾಕಿದ್ದನ್ನು ನಾನು ನೋಡಿದ್ದೇನೆ. ಅವನದು ಎಫ್-1. ಅವನ ಅಪ್ಪ ಅಮ್ಮ ಅವನನ್ನು ಓದಿಸಲು ತೋಟದ ಮೇಲೆ ಸಾಲ ಮಾಡಿದ್ದಾರೆ.

ಇಲ್ಲಿ ಹುಟ್ಟಿದವನಿಗೆ ಇಂಥ ಕೇಸಿನಲ್ಲಿ ಹೆಚ್ಚೆಂದರೆ ಜೈಲು, ದಂಡ. ನಮಗೆ ಅದರ ಹಿಂದೆ ಇನ್ನೊಂದು ಬಾಗಿಲಿದೆ. ಕೋವಿಗೆ ಸಂಬಂಧಿಸಿದ ಅಪರಾಧ ಸಾಬೀತಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ದೇಶದಿಂದ ಹೊರಗೆ ಹಾಕಬಹುದು. ಕೇಸು ಬಿದ್ದುಹೋದರೂ ನಾಳೆ ಪೌರತ್ವದ ಅರ್ಜಿಯಲ್ಲಿ ಎಂದಾದರೂ ಬಂಧನವಾಗಿತ್ತೇ ಎಂಬ ಪ್ರಶ್ನೆಗೆ ಹೌದು ಎಂದು ಬರೆಯಲೇಬೇಕು. ಕ್ಷಮಾದಾನ ಸಿಕ್ಕ ಆ ತಾಯಿ ಮನೆಗೆ ಹೋದಳು. ಅವಳ ಜಾಗದಲ್ಲಿ ನೀನಿದ್ದಿದ್ದರೆ ಯಾವ ಮನೆಗೆ ಹೋಗುತ್ತಿದ್ದೆ ಎಂದು ಯೋಚಿಸುತ್ತಾ ನಾನು ಮೂರು ರಾತ್ರಿ ಎಚ್ಚರವಿದ್ದೆ.

ಕೋವಿ ಇಟ್ಟುಕೊಳ್ಳಲೇಬಾರದು ಎಂದು ನಾನು ಹೇಳಲಾರೆ, ಕೋವಿ ತೂಗುಹಾಕಿದ್ದ ಗೋಡೆಯ ಕೆಳಗೇ ನಾನು ಮಗ್ಗಿ ಕಲಿತವನು. ಆದರೆ ಈ ದೇಶದಲ್ಲಿ ಕೋವಿಯಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಮ್ಮ ಕೈಯಿಂದಲೇ ಸಾಯುತ್ತಾರೆ. ಹೊಸ ಊರು, ಹೊಸ ಕೆಲಸ, ಮಂಜು ಬೀಳುವ ನಾಲ್ಕು ತಿಂಗಳು ಮನೆಯೊಳಗೆ. ತೆವಳುವ ಮಗು ಮುಂದಿನ ವರ್ಷ ಕುರ್ಚಿ ಹತ್ತುತ್ತದೆ. ನೀನು ಏನು ತೀರ್ಮಾನ ಮಾಡಿದರೂ ಇಷ್ಟನ್ನು ಸೊಸೆಯ ಜೊತೆ ಕೂತು ಮಾತಾಡಿ ಮಾಡು.

ನನ್ನನ್ನು ಕೇಳಿದರೆ, ರೈಫಲ್ಲು ಮತ್ತು ಮ್ಯಾಗಜಿನ್ನುಗಳನ್ನು ಹೊರಡುವ ಮೊದಲೇ ಅಲ್ಲಿಯ ಲೈಸೆನ್ಸ್ ಇರುವ ಅಂಗಡಿಗೆ ಮಾರಿಬಿಡು. ಸ್ನೇಹಿತನ ಮನೆಯಲ್ಲಿಟ್ಟು ಬರುತ್ತೇನೆ, ಆಮೇಲೆ ಮಾರುತ್ತೇನೆ ಎಂದರೆ ಅದು ಬೇರೆಯೇ ಗೋಜಲು. ನೀನು ಇಲ್ಲಿಯ ನಿವಾಸಿಯಾದ ಮೇಲೆ ಟೆಕ್ಸಸ್‌ನವರಿಗೆ ಮಾರಬೇಕಾದರೆ ಲೈಸೆನ್ಸ್ ಇರುವ ವ್ಯಾಪಾರಿಯ ಮೂಲಕವೇ ಆಗಬೇಕು. ಬೆಲೆ ಅರ್ಧಕ್ಕರ್ಧ ಬಂದರೂ ಸರಿ, ನಷ್ಟ ಎಷ್ಟಾಯಿತು ಹೇಳು, ನಾನು ಕೊಡುತ್ತೇನೆ. ಗುಂಡುಗಳನ್ನೂ ಅಲ್ಲೇ ಮುಗಿಸು. ಪಿಸ್ತೂಲಿನ ವಿಷಯ ವಕೀಲರ ಜೊತೆ ಮಾತಾಡಿದ ಮೇಲೆ. ಮಾರಿದರೆ ನಿಶ್ಚಿಂತೆ, ತರುವುದಾದರೆ ಹತ್ತು ಗುಂಡಿನ ಮ್ಯಾಗಜಿನ್ನು ಹಾಕಿಸಿ, ಕ್ರಮದಲ್ಲಿ ತಾ. ನಿನ್ನನ್ನು ಬಲ್ಲವರಿಬ್ಬರ ಹೆಸರು ಬೇಕಲ್ಲ, ಒಂದಕ್ಕೆ ಪಕ್ಕದ ಮನೆಯ ರಾಯರನ್ನು ಕೇಳಿ ಇಟ್ಟಿದ್ದೇನೆ.

ಮಾರಿದ ಮೇಲೆ ಅಂಗಡಿಯವನಿಂದ ಕೋವಿಯ ನಂಬರು ಬರೆಸಿ ರಸೀದಿ ತಗೋ. ಒಂದು ಪ್ರತಿ ನಿನ್ನ ಹತ್ತಿರ ಇರಲಿ, ಒಂದರ ಫೋಟೋ ನನಗೆ ಕಳಿಸು. ಸೇಫನ್ನು ತೆರೆದು, ಒಳಗಿನ ಸ್ಪಂಜು ಎತ್ತಿ, ಟಾರ್ಚು ಬಿಟ್ಟು ನೋಡು. ಕಾರಿನ ಸೀಟಿನ ಕೆಳಗೆ ಕೈಹಾಕಿ ನೋಡು. ರೇಂಜಿನ ಚೀಲವನ್ನು ತಲೆಕೆಳಗು ಮಾಡಿ ಕೊಡವು. ಅದೆಲ್ಲ ಆದ ಮೇಲೆ ಲಾರಿಯವರಿಗೆ ಫೋನ್ ಮಾಡು. ದೊಡ್ಡಮ್ಮ ಕಡುಬಿನ ತಟ್ಟೆ ಆಗಲೇ ಅಟ್ಟದಿಂದ ಇಳಿಸಿದ್ದಾಳೆ, ಹೊರಡುವ ದಿನ ಯಾವುದೆಂದು ಅವಳಿಗೆ ಹೇಳು.

ನಿನ್ನ,
ದೊಡ್ಡಪ್ಪ